ಸ್ಟ್ರೀಮ್ ಬದಲಿಸಿ, ಕೇಳುಗರನ್ನು ಕಳೆದುಕೊಳ್ಳಬೇಡಿ: ಇಂಟರ್‌ನೆಟ್ ರೇಡಿಯೊ ನಡೆಸುವವರಿಗೊಂದು ಕೈಪಿಡಿ

ಇಂಟರ್‌ನೆಟ್ ರೇಡಿಯೊದ ಸ್ಟ್ರೀಮ್ ಬದಲಿಸುವುದು ಐದು ನಿಮಿಷದ ಕೆಲಸ. ಧ್ವನಿಯನ್ನು ಕುಗ್ಗಿಸಿ ಕಳಿಸುವ ಎನ್‌ಕೋಡರಿನಲ್ಲಿ 128 ಕೆಬಿಪಿಎಸ್ (ಸೆಕೆಂಡಿಗೆ 128 ಸಾವಿರ ಬಿಟ್) ಇದ್ದದ್ದನ್ನು 64 ಮಾಡಿ, ಎಂಪಿ3 ಇದ್ದದ್ದನ್ನು ಎಎಸಿ ಮಾಡಿ, ಮತ್ತೆ ಕನೆಕ್ಟ್ ಒತ್ತಿದರೆ ಮುಗಿಯಿತು. ಸ್ಟುಡಿಯೊದ ಕಂಪ್ಯೂಟರಿನಲ್ಲಿ ಎಲ್ಲ ಚೆನ್ನಾಗಿಯೇ ಕೇಳುತ್ತದೆ. ತೊಂದರೆ ಆಗುವುದು ಬೇರೆ ಕಡೆ. ಅಡುಗೆಮನೆಯ ಶೆಲ್ಫಿನ ಮೇಲೆ ಹತ್ತು ವರ್ಷದಿಂದ ಕೂತ ವೈಫೈ ರೇಡಿಯೊದಲ್ಲಿ, ಮಸ್ಕತ್ತಿನಲ್ಲಿ ಓಡುವ ಕಾರಿನಲ್ಲಿ, ಮಲೆನಾಡಿನ ಒಂದು ಗೆರೆ ಸಿಗ್ನಲ್ಲಿನ ಫೋನಿನಲ್ಲಿ. ಅಲ್ಲಿರುವವರು ಫೋನು ಮಾಡಿ ದೂರು ಹೇಳುವುದಿಲ್ಲ. ಎರಡು ಸಲ ಒತ್ತಿ ನೋಡಿ, ಬೇರೆ ಸ್ಟೇಷನ್ ಹಾಕಿಕೊಳ್ಳುತ್ತಾರೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಬಿಬಿಸಿ 2015ರಲ್ಲಿ ಮೈಕ್ರೋಸಾಫ್ಟ್‌ನ ಡಬ್ಲ್ಯುಎಂಎ ಮಾದರಿಯ ಸ್ಟ್ರೀಮ್‌ಗಳನ್ನು ನಿಲ್ಲಿಸಿದಾಗ, ಅದೊಂದನ್ನೇ ನಂಬಿದ್ದ ಇಂಟರ್‌ನೆಟ್ ರೇಡಿಯೊ ಸೆಟ್ಟುಗಳು ಬಾಯಿ ಮುಚ್ಚಿದವು. 2023ರಲ್ಲಿ 128 ಕೆಬಿಪಿಎಸ್‌ನ ಎಂಪಿ3 ಶೌಟ್‌ಕಾಸ್ಟ್ ಸ್ಟ್ರೀಮ್‌ಗಳನ್ನು ಮುಚ್ಚಿದಾಗ ಮತ್ತೊಂದು ಕಂತು ಸೆಟ್ಟುಗಳ ಸರದಿ. ಅವುಗಳ ಜಾಗದಲ್ಲಿ ಉಳಿದ, ಧ್ವನಿಯನ್ನು ಸಣ್ಣ ತುಂಡುಗಳಾಗಿ ಕಳಿಸುವ ಎಚ್‌ಎಲ್‌ಎಸ್, ಡ್ಯಾಶ್ ಸ್ಟ್ರೀಮ್‌ಗಳಲ್ಲಿ ಬ್ರಿಟನ್ನಿನ ಒಳಗೆ 320 ಕೆಬಿಪಿಎಸ್ ವರೆಗಿನ ಎಎಸಿ ಸಿಗುತ್ತದೆ. ಕಾಗದದ ಮೇಲೆ ಗುಣಮಟ್ಟ ಏರಿದೆ. ಹಳೆಯ ಸೆಟ್ಟು ಇಟ್ಟುಕೊಂಡವರ ಪಾಲಿಗೆ ಬಂದದ್ದು ಮೌನ.

ಏನು ಬದಲಾಗುತ್ತಿದೆ ಎಂದು ಮೊದಲು ಗುರುತಿಸಿ

"ಕ್ವಾಲಿಟಿ ಬದಲಿಸುತ್ತಿದ್ದೇವೆ" ಎಂಬ ಒಂದೇ ಮಾತಿನ ಒಳಗೆ ಐದು ಬೇರೆ ಕೆಲಸಗಳು ಅಡಗಿರುತ್ತವೆ: ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ), ಕೋಡೆಕ್ (ಎಂಪಿ3, ಎಎಸಿಯಂಥ ಕುಗ್ಗಿಸುವ ವಿಧಾನ), ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುವುದು) ಮತ್ತು ಸ್ಟೀರಿಯೊ-ಮೊನೊ, ಸಾಗಿಸುವ ವಿಧಾನ, ವಿಳಾಸ. ಬಿಟ್‌ರೇಟ್ ಒಂದನ್ನೇ ಬದಲಿಸಿದರೆ ಹೆಚ್ಚಿನ ಸೆಟ್ಟುಗಳು ತಕರಾರು ಮಾಡುವುದಿಲ್ಲ. ಕೋಡೆಕ್ ಬದಲಿಸಿದರೆ ಕೆಲವು ನಿಲ್ಲುತ್ತವೆ. ಐಸ್‌ಕಾಸ್ಟ್, ಶೌಟ್‌ಕಾಸ್ಟ್ ಎಂಬ ನೇರ ಸ್ಟ್ರೀಮ್ ಸರ್ವರುಗಳನ್ನು ಬಿಟ್ಟು ಎಚ್‌ಎಲ್‌ಎಸ್‌ಗೆ ಹೋದರೆ ಹಳೆಯವು ಬಹುಪಾಲು ನಿಲ್ಲುತ್ತವೆ. ವಿಳಾಸ ಬದಲಿಸಿದರೆ, ಪ್ರೀಸೆಟ್ ಗುಂಡಿಯಲ್ಲಿ ಹಳೆಯದನ್ನು ಉಳಿಸಿಕೊಂಡ ಎಲ್ಲರೂ ಹೋದ ಹಾಗೆ. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ನಡುವೆ ಕನಿಷ್ಠ ಎರಡು ವಾರ ಬಿಡಿ. ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿದರೆ, ಬೆಳಿಗ್ಗೆ ಕೇಳುಗರು ಅರ್ಧಕ್ಕೆ ಇಳಿದಾಗ ಯಾವುದರಿಂದ ಇಳಿದರು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಲಾಗ್ ಓದದೆ ಕೈ ಹಾಕಬೇಡಿ

ಐಸ್‌ಕಾಸ್ಟ್ ಸರ್ವರಿನ ಆಕ್ಸೆಸ್ ಲಾಗ್‌ನಲ್ಲಿ ಪ್ರತಿ ಕೇಳುಗನಿಗೂ ಒಂದು ಸಾಲು. ಯಾವ ಮೌಂಟ್ (ಸರ್ವರಿನಲ್ಲಿ ಒಂದೊಂದು ಸ್ಟ್ರೀಮಿಗೆ ಇರುವ ಹೆಸರು) ಕೇಳಿದ, ಎಷ್ಟು ಬೈಟ್ ಹೋಯಿತು, ಯಾವ ಪ್ಲೇಯರ್, ಸಾಲಿನ ಕೊನೆಯ ಸಂಖ್ಯೆಯಾಗಿ ಎಷ್ಟು ಸೆಕೆಂಡು ಕೇಳಿದ. ಬದಲಾವಣೆಗೆ ಮುಂಚಿನ ಎರಡು ವಾರದ ಲಾಗ್ ತೆಗೆದಿಡಿ. ಅದರಿಂದ ಎರಡು ಪಟ್ಟಿ ಮಾಡಿ.

ಮೊದಲನೆಯದು, ಯಾವ ಪ್ಲೇಯರಿನಲ್ಲಿ ಒಟ್ಟು ಎಷ್ಟು ಗಂಟೆ ಕೇಳಿದ್ದಾರೆ ಎಂಬುದು. ಕನೆಕ್ಷನ್ ಎಣಿಸಬೇಡಿ, ಗಂಟೆ ಎಣಿಸಿ. ಬ್ರೌಸರಿನವರು ಹತ್ತು ಸಲ ಬಂದು ಹತ್ತು ನಿಮಿಷ ಕೇಳುತ್ತಾರೆ. ರೇಡಿಯೊ ಸೆಟ್ಟಿನವರು ಒಂದೇ ಸಲ ಬಂದು ಬೆಳಗಿನಿಂದ ರಾತ್ರಿಯವರೆಗೆ ಕೂತಿರುತ್ತಾರೆ. ಕನೆಕ್ಷನ್ ಲೆಕ್ಕದಲ್ಲಿ ಕಾಣದಷ್ಟು ಸಣ್ಣವರು ಗಂಟೆಯ ಲೆಕ್ಕದಲ್ಲಿ ನಿಮ್ಮ ದೊಡ್ಡ ಗಿರಾಕಿಗಳಾಗಿರಬಹುದು.

ಎರಡನೆಯದು, 30 ಸೆಕೆಂಡಿಗಿಂತ ಕಡಿಮೆ ಉಳಿದ ಕನೆಕ್ಷನ್‌ಗಳು ನೂರಕ್ಕೆ ಎಷ್ಟು ಎಂಬುದು. ಬದಲಾವಣೆಯ ಮರುದಿನ ಇದೇ ಲೆಕ್ಕವನ್ನು ಮತ್ತೆ ಮಾಡಿ. ಒಂದೇ ಐಪಿ, ಒಂದೇ ಪ್ಲೇಯರ್ ಹೆಸರು, ಐದೈದು ಸೆಕೆಂಡಿನ ಸಾಲುಗಳು ಸಾಲಾಗಿ ಬಂದಿದ್ದರೆ ಅದು ಸ್ಟ್ರೀಮ್ ಹಿಡಿಯಲಾರದೆ ಮತ್ತೆ ಮತ್ತೆ ಬಾಗಿಲು ತಟ್ಟುತ್ತಿರುವ ಯಂತ್ರ. ಅದರ ಮುಂದೆ ಕೂತ ಮನುಷ್ಯ ಅಷ್ಟರಲ್ಲಿ ಎದ್ದು ಹೋಗಿರುತ್ತಾನೆ.

ಯಾವ ಕೋಡೆಕ್, ಎಷ್ಟು ಬಿಟ್‌ರೇಟ್

ಡೇಟಾ ಲೆಕ್ಕ ಸುಲಭ. ಬಿಟ್‌ರೇಟನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಎಂಬಿ ಎಂದು ಸಿಗುತ್ತದೆ. 128ಕ್ಕೆ 57.6 ಎಂಬಿ, 64ಕ್ಕೆ 28.8, 32ಕ್ಕೆ 14.4, 320ಕ್ಕೆ 144. ಇದು ಧ್ವನಿಯ ಲೆಕ್ಕ ಮಾತ್ರ. ನೆಟ್‌ವರ್ಕಿನ ಹೊದಿಕೆ ಇದರ ಮೇಲೆ ಇನ್ನೊಂದಿಷ್ಟು ಸೇರಿಸುತ್ತದೆ. ಸರ್ವರ್ ಕಡೆ ಸರಾಸರಿ 50 ಜನ ಇಡೀ ದಿನ 128ರಲ್ಲಿ ಕೇಳುತ್ತಿದ್ದರೆ 6.4 ಎಂಬಿಪಿಎಸ್ ಹೊರಹರಿವು, 30 ದಿನಕ್ಕೆ ಸುಮಾರು 2 ಟಿಬಿ. ಹೋಸ್ಟಿಂಗ್ ಬಿಲ್ಲು ಕಂಡು ಬಿಟ್‌ರೇಟ್ ಇಳಿಸಲು ಹೊರಡುವವರು ಮೊದಲು ಈ ಗುಣಾಕಾರ ಮಾಡಿ ನೋಡಲಿ. ಎಷ್ಟೋ ಸಲ ಉಳಿಯುವ ದುಡ್ಡು ಒಂದು ಮಸಾಲೆ ದೋಸೆಯಷ್ಟೂ ಇರುವುದಿಲ್ಲ.

ಎಂಪಿ3ಯನ್ನು ನುಡಿಸದ ಸೆಟ್ಟು ಸಿಗುವುದು ಕಷ್ಟ. ಆದರೆ ಬಿಟ್‌ರೇಟ್ ಇಳಿದ ಹಾಗೆ ಅದು ಮೇಲಿನ ಸ್ವರಗಳನ್ನು ಕತ್ತರಿಸುತ್ತ ಹೋಗುತ್ತದೆ. ಲೇಮ್ ಎಂಬ ಎಂಪಿ3 ಎನ್‌ಕೋಡರಿನ ಸ್ವಂತ ಲೆಕ್ಕಾಚಾರಕ್ಕೆ ಬಿಟ್ಟರೆ ಸ್ಟೀರಿಯೊದಲ್ಲಿ 128ಕ್ಕೆ ಸುಮಾರು 17 ಕಿಲೋಹರ್ಟ್ಸ್‌ವರೆಗೆ ಉಳಿಯುತ್ತದೆ, 96ಕ್ಕೆ 15, 64ಕ್ಕೆ 11. 32ಕ್ಕೆ ಇಳಿಸಿದರೆ 5.5ರ ಆಸುಪಾಸು. ಹಾಗಾಗಿ ಎಂಪಿ3ಯಲ್ಲಿ ಸ್ಟೀರಿಯೊ ಸಂಗೀತಕ್ಕೆ 128ರ ಕೆಳಗೆ ಹೋಗಬೇಡಿ. ಬರೀ ಮಾತಿನ ಸ್ಟೇಷನ್ ಆದರೆ 64 ಮೊನೊ ಸಾಕು. ಅದೇ 64ನ್ನು ಸ್ಟೀರಿಯೊ ಮಾಡಿ ಹಂಚಿದರೆ ಎರಡು ಕಿವಿಗೂ ಅರೆಹೊಟ್ಟೆ.

ಎಎಸಿಯಲ್ಲಿ ಮೂರು ಬಗೆ. ಎಎಸಿ-ಎಲ್‌ಸಿ 96ರಿಂದ ಮೇಲೆ ಒಳ್ಳೆಯದು. ಎಚ್‌ಇ-ಎಎಸಿ ವಿ1 ಇರುವುದು 48ರಿಂದ 64ರ ಸ್ಟೀರಿಯೊಗೆ. ಅದು ಕೆಳಗಿನ ಅರ್ಧ ಸ್ವರಗಳನ್ನು ಮಾತ್ರ ನಿಜವಾಗಿ ಕಳಿಸಿ, ಮೇಲಿನದನ್ನು ಎಸ್‌ಬಿಆರ್ ಎಂಬ ತಂತ್ರದಿಂದ ಕೇಳುಗನ ಕಡೆಯಲ್ಲೇ ಮತ್ತೆ ಕಟ್ಟಿಸುತ್ತದೆ. ವಿ2 ಇನ್ನೂ ಒಂದು ಹೆಜ್ಜೆ ಮುಂದೆ: ಒಂದೇ ಮೊನೊ ಕಳಿಸಿ, ಎಡ-ಬಲದ ವ್ಯತ್ಯಾಸವನ್ನು ಸಣ್ಣ ಚೀಟಿಯಂತೆ ಜೊತೆಗಿಡುತ್ತದೆ. ಇದು 24ರಿಂದ 32ಕ್ಕೆ. ಓಪಸ್ ಎಂಬ ಹೊಸ ಕೋಡೆಕ್ ಬಹಳ ಚುರುಕು, ಆದರೆ ಹಳೆಯ ಸೆಟ್ಟುಗಳಿಗೂ ಹಳೆಯ ಐಫೋನುಗಳ ಸಫಾರಿಗೂ ಅದು ಅರ್ಥವಾಗದು. ಹೆಚ್ಚುವರಿ ಸ್ಟ್ರೀಮ್ ಆಗಿ ಕೊಡಿ, ಮುಖ್ಯ ಸ್ಟ್ರೀಮ್ ಮಾಡಬೇಡಿ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಎಫ್ಎಫ್ಎಂಪೆಗ್ ಎಂಬ ಉಚಿತ ತಂತ್ರಾಂಶದ ಜೊತೆಗೇ ಬರುವ ಎಎಸಿ ಎನ್‌ಕೋಡರಿಗೆ ಎಚ್‌ಇ-ಎಎಸಿ ಬರುವುದಿಲ್ಲ. "ಎಎಸಿ, 48" ಎಂದು ಬರೆದರೆ ಅದು ಸುಮ್ಮನೆ 48ರ ಎಲ್‌ಸಿ ಕೊಡುತ್ತದೆ. ನೀರಿನೊಳಗಿಂದ ಕೇಳಿದ ಹಾಗಿರುತ್ತದೆ. ಎಚ್‌ಇ ಬೇಕಾದರೆ ಎಫ್‌ಡಿಕೆ ಎಎಸಿ ಲೈಬ್ರರಿ ಸೇರಿಸಿ ಕಟ್ಟಿದ ಎಫ್ಎಫ್ಎಂಪೆಗ್ ಅಥವಾ ಲಿಕ್ವಿಡ್‌ಸೋಪ್ ಎಂಬ ಸ್ಟ್ರೀಮ್ ತಂತ್ರಾಂಶ ಬೇಕು, ಪ್ರೊಫೈಲ್ ಯಾವುದೆಂದು ಬಿಡಿಸಿ ಹೇಳಲೂ ಬೇಕು. ಏನು ಹೋಗುತ್ತಿದೆ ಎಂಬ ಅನುಮಾನ ಇದ್ದರೆ ಸ್ಟ್ರೀಮನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು ಕಂಟ್ರೋಲ್ ಮತ್ತು ಜೆ ಒತ್ತಿ. ಕೋಡೆಕ್ ಮಾಹಿತಿಯಲ್ಲಿ ಎಸ್‌ಬಿಆರ್ ಎಂಬ ಸಾಲು ಕಾಣದಿದ್ದರೆ ನೀವು ಕಳಿಸುತ್ತಿರುವುದು ಎಚ್‌ಇ ಅಲ್ಲ.

ಸಣ್ಣ ಕನ್ನಡ ಸ್ಟೇಷನ್ನಿಗೆ ಸಾಕಾಗುವ ಜೋಡಣೆ ಇದು: ಹಳೆಯ ವಿಳಾಸದಲ್ಲಿ 128ರ ಎಂಪಿ3, ಫೋನುಗಳಿಗೆ 64ರ ಎಚ್‌ಇ-ಎಎಸಿ ವಿ1, ತೀರಾ ಕಷ್ಟದ ನೆಟ್‌ವರ್ಕಿಗೆ 32ರ ವಿ2. ಶಾಸ್ತ್ರೀಯ ಸಂಗೀತವೇ ಹೆಚ್ಚಿದ್ದರೆ ಜೊತೆಗೆ 192 ಅಥವಾ 256ರ ಎಎಸಿ-ಎಲ್‌ಸಿ.

ಆ 32ನ್ನು ಯಾರು ಕೇಳುತ್ತಾರೆ ಎಂದು ಮೂಗು ಮುರಿಯಬೇಡಿ. ನಮ್ಮಲ್ಲಿ ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಸಿಕೊಂಡವರಿಗೆ 128ರ ಸ್ಟ್ರೀಮ್ ಇಡೀ ದಿನ ಕೇಳಿದರೂ ರೇಡಿಯೊ ಒಂದರಿಂದ ಡೇಟಾ ಮುಗಿಯುವುದಿಲ್ಲ. ಮುಗಿಸುವುದು ವಿಡಿಯೊ. ಮುಗಿದ ಮೇಲೆ ಹಲವು ಪ್ರಿಪೇಯ್ಡ್ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ಸಂದಿಯಲ್ಲಿ 64ರ ಸ್ಟ್ರೀಮ್ ತೂರದು, 48 ಮುಗ್ಗರಿಸುತ್ತದೆ, 32 ಮಾತ್ರ ಸಲೀಸಾಗಿ ಹರಿಯುತ್ತದೆ. ರಾತ್ರಿ ಹತ್ತರ ಮೇಲೆ ಕೇಳುವವರಲ್ಲಿ ಇಂಥವರು ಎಷ್ಟಿದ್ದಾರೆ ಎಂಬುದು 32ರ ಮೌಂಟ್ ಇಟ್ಟು ಲಾಗ್ ನೋಡಿದಾಗ ಗೊತ್ತಾಗುತ್ತದೆ.

ಕಿವಿಯಿಂದ ಪರೀಕ್ಷಿಸುವುದು

ಹೊಸ ಹಾಡೊಂದನ್ನು ಹಾಕಿ "ಚೆನ್ನಾಗಿದೆ" ಎಂದು ತಲೆಯಾಡಿಸಿದರೆ ಪರೀಕ್ಷೆ ಆಗಲಿಲ್ಲ. ಆಧುನಿಕ ಚಿತ್ರಗೀತೆಗಳ ದಟ್ಟ ವಾದ್ಯಮೇಳ ಕೋಡೆಕ್‌ನ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಕಷ್ಟ ಕೊಡುವ ನಾಲ್ಕು ತುಣುಕು ಆರಿಸಿ, ತಲಾ 30 ಸೆಕೆಂಡು, ಎಲ್ಲವೂ ಧ್ವನಿಯಲ್ಲಿ ಏನೂ ಕಳೆದುಕೊಳ್ಳದ ವೇವ್ ಅಥವಾ ಫ್ಲ್ಯಾಕ್ ಮೂಲದಿಂದ.

ಒಂದು, ಬರೀ ತಂಬೂರಿ. ಕುದುರೆಯ ಮೇಲೆ ತಂತಿಗೂ ಮರಕ್ಕೂ ನಡುವೆ ಇಟ್ಟ ಜೀವದ ದಾರದಿಂದ ಹುಟ್ಟುವ ಝೇಂಕಾರ ಇದೆಯಲ್ಲ, ಅದು ಮೇಲಿನ ಸ್ವರಗಳಲ್ಲಿ ನಿಧಾನವಾಗಿ ಅರಳಿ ಕೆಳಗಿಳಿಯುತ್ತದೆ. ಎಂಪಿ3 64ರಲ್ಲಿ ಆ ಅರಳುವಿಕೆ ಮೊಟಕಾಗಿ ಬರೀ ಗುಂಯ್ ಉಳಿಯುತ್ತದೆ. ಎಚ್‌ಇ-ಎಎಸಿ 48ರಲ್ಲಿ ಅರಳುತ್ತದೆ, ಆದರೆ ತಗಡಿನ ಛಾಯೆ ಬರುತ್ತದೆ, ಎಸ್‌ಬಿಆರ್ ಕಟ್ಟಿದ ಮೇಲಿನ ಅರ್ಧ ಕೆಳಗಿನದರ ಜೊತೆ ಪೂರ್ತಿ ಹೊಂದದ ಕಾರಣ. 64ಕ್ಕೆ ಏರಿಸಿ ಮತ್ತೆ ಕೇಳಿ. ವ್ಯತ್ಯಾಸ ಕೈಗೆ ಸಿಗುವಷ್ಟು ಇರುತ್ತದೆ.

ಎರಡು, ಯಕ್ಷಗಾನದ ಚೆಂಡೆ ಒಂಟಿಯಾಗಿ ಬೀಳುವ ಪೆಟ್ಟುಗಳು. ಪೆಟ್ಟು ಬೀಳುವ ಸ್ವಲ್ಪ ಮುಂಚೆಯೇ "ಫ್ಸ್" ಎಂಬ ನೆರಳು ಕೇಳಿದರೆ ಅದು ಕೋಡೆಕ್‌ನದು. ಧ್ವನಿಯನ್ನು ತುಂಡು ತುಂಡಾಗಿ ಕುಗ್ಗಿಸುವಾಗ ಪೆಟ್ಟಿನ ದೋಷ ಆ ತುಂಡಿನ ಉದ್ದಕ್ಕೂ, ಪೆಟ್ಟಿನ ಹಿಂದಿನ ನಿಶ್ಶಬ್ದಕ್ಕೂ ಹರಡಿಕೊಳ್ಳುತ್ತದೆ.

ಮೂರು, ವಾರ್ತೆ ಓದುವ ಧ್ವನಿ. "ಶಾಸನಸಭೆಯ ಸದಸ್ಯರು" ಎಂದು ಓದಿಸಿ. ಸಕಾರದ ಶಕ್ತಿ ಇರುವುದು 5 ಕಿಲೋಹರ್ಟ್ಸ್‌ನಿಂದ ಮೇಲೆ, ಶಕಾರದ್ದು ಅದಕ್ಕಿಂತ ಕೆಳಗೆ. ಕತ್ತರಿ 5.5ರಲ್ಲಿ ಬಿದ್ದರೆ ಶ ಉಳಿದು ಸ ಸವೆದು "ಫದಫ್ಯರು" ಆಗುತ್ತದೆ. ಎಷ್ಟು ಒಳ್ಳೆಯ ವಾಚಕರನ್ನು ತಂದು ಕೂರಿಸಿದರೂ ಇದಕ್ಕೆ ಮದ್ದಿಲ್ಲ.

ನಾಲ್ಕು, ಸಭೆಯ ಚಪ್ಪಾಳೆ. ವಿ2ರಲ್ಲಿ ಅದು ಸಂಡಿಗೆ ಕರಿದ ಸದ್ದಾಗುತ್ತದೆ. 32ರಲ್ಲಿ ಅಷ್ಟು ಸಹಿಸಬಹುದು. 64ರಲ್ಲೂ ಹಾಗೇ ಕೇಳಿದರೆ ತಪ್ಪಿ ವಿ2 ಪ್ರೊಫೈಲ್ ಹಾಕಿದ್ದೀರಿ.

ಹೋಲಿಸುವಾಗ ಎರಡರ ಜೋರು ಒಂದೇ ಇರಲಿ, ಅರ್ಧ ಡೆಸಿಬೆಲ್ ಒಳಗೆ. ಜೋರಾಗಿರುವುದೇ ಚೆನ್ನ ಎಂದು ಕಿವಿ ಮೋಸ ಹೋಗುತ್ತದೆ. ಯಾವುದು ಯಾವುದೆಂದು ಇನ್ನೊಬ್ಬರು ಗುಟ್ಟಾಗಿ ಬದಲಿಸುತ್ತಿರಲಿ. ಹೆಡ್‌ಫೋನಿನಲ್ಲಿ ಒಮ್ಮೆ, ಫೋನಿನ ಸ್ವಂತ ಸ್ಪೀಕರಿನಲ್ಲಿ ಒಮ್ಮೆ ಕೇಳಿ; ಕೇಳುಗರಲ್ಲಿ ಹೆಚ್ಚಿನವರು ಕೇಳುವುದು ಎರಡನೆಯದರಲ್ಲಿ.

ಕೊಳಾಯಿ ತೊಳೆದರೆ ಸಾಲದು, ತೊಟ್ಟಿ ನೋಡಿ

ಸ್ಟ್ರೀಮ್ 320 ಮಾಡಿದರೂ ಸುಧಾರಿಸದ ಸ್ಟೇಷನ್ನುಗಳ ಕತೆ ಸಾಮಾನ್ಯವಾಗಿ ಒಂದೇ: ಹಾಡಿನ ಸಂಗ್ರಹವೇ 128ರ ಎಂಪಿ3. ಒಮ್ಮೆ ಕುಗ್ಗಿಸಿದ್ದನ್ನು ಮತ್ತೆ 64ರ ಎಚ್‌ಇ-ಎಎಸಿಗೆ ಕುಗ್ಗಿಸಿದರೆ ಮೊದಲ ಕೋಡೆಕ್‌ನ ಕಸವನ್ನು ಎರಡನೆಯದು ಸಂಗೀತವೆಂದು ತಿಳಿದು ಅದಕ್ಕೇ ಬಿಟ್ ಖರ್ಚು ಮಾಡುತ್ತದೆ. ವಾಟ್ಸಾಪ್‌ನಲ್ಲಿ ಬಂದ ಧ್ವನಿಸಂದೇಶವನ್ನು ನೇರ ಪ್ರಸಾರ ಮಾಡಿದಾಗಲೂ ಇದೇ ಪಾಡು. ಸಂಗ್ರಹಕ್ಕೆ ಫ್ಲ್ಯಾಕ್ ಅಥವಾ ಕನಿಷ್ಠ 256ರ ಫೈಲು ಇಡಿ, ಹೆಚ್ಚು ಸಲ ಪ್ರಸಾರವಾಗುವ 200 ಹಾಡುಗಳಿಂದ ಶುರುಮಾಡಿ.

ಸ್ಟುಡಿಯೊದಿಂದ ಸರ್ವರಿಗೆ ಹೋಗುವ ದಾರಿಯೂ ಮುಖ್ಯ. ಫೈಬರ್ ಇದ್ದರೆ ಮೂರೂ ಸ್ಟ್ರೀಮನ್ನು ಸ್ಟುಡಿಯೊದಲ್ಲೇ ಮೂಲದಿಂದ ಎನ್‌ಕೋಡ್ ಮಾಡಿ ಕಳಿಸಿ. 128, 64, 32 ಸೇರಿ 224 ಕೆಬಿಪಿಎಸ್, ಅದರ ಮೂರು ಪಟ್ಟು ಅಪ್‌ಲೋಡ್ ವೇಗ ಇಟ್ಟುಕೊಂಡರೆ ನೆಮ್ಮದಿ. 4ಜಿ ಡಾಂಗಲ್ ಮೇಲೆ ನಡೆಯುವ ಸ್ಟೇಷನ್ ಆದರೆ ಒಂದೇ ಒಂದು 256ರ ಸ್ಟ್ರೀಮ್ ಕಳಿಸಿ, ಸರ್ವರಿನಲ್ಲಿ ಲಿಕ್ವಿಡ್‌ಸೋಪ್‌ನಿಂದ ಮೂರು ಮಾಡಿಸಿ. ಮೂರು ಬೇರೆ ಬೇರೆ ಕಳಿಸುವಾಗ ಒಂದು ಕಡಿದು ಎರಡು ಉಳಿದರೆ, 64ರವರಿಗೆ ಮಾತ್ರ ಕೇಳುತ್ತಿಲ್ಲ ಎಂಬುದು ಸ್ಟುಡಿಯೊದಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ.

ಧ್ವನಿಯ ಸರಾಸರಿ ಮಟ್ಟ −16ರಿಂದ −18 ಎಲ್‌ಯುಎಫ್‌ಎಸ್ (ಜೋರಿನ ಅಳತೆ) ಒಳಗೆ, ಶಿಖರ −1 ಡೆಸಿಬೆಲ್ ಮೀರದಂತೆ. 64ಕ್ಕಿಂತ ಕೆಳಗಿನ ಸ್ಟ್ರೀಮಿಗೆ −2. ಕುಗ್ಗಿಸಿ ಬಿಡಿಸಿದಾಗ ಅಲೆಯ ತುದಿ ಮೂಲಕ್ಕಿಂತ ಎತ್ತರ ಏಳುತ್ತದೆ. ಜಾಗ ಬಿಡದಿದ್ದರೆ ಕೇಳುಗನ ಫೋನಿನಲ್ಲಿ ಕರಕರ ಎನ್ನುತ್ತದೆ, ನಿಮ್ಮ ಮೀಟರಿನಲ್ಲಿ ಕಾಣುವುದೇ ಇಲ್ಲ.

ಸರ್ವರಿನಲ್ಲಿ ಜೊತೆಗೇ ಬದಲಿಸಬೇಕಾದವು

ಐಸ್‌ಕಾಸ್ಟ್‌ನ ಎರಡು ಸಂಖ್ಯೆಗಳು ಸೆಕೆಂಡಿನಲ್ಲಿಲ್ಲ, ಬೈಟಿನಲ್ಲಿವೆ. ಬಿಟ್‌ರೇಟ್ ಬದಲಾದರೆ ಅವುಗಳ ಅರ್ಥವೂ ಬದಲಾಗುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ಬರ್ಸ್ಟ್ ಸೈಜ್ ಎಂದರೆ ಕೇಳುಗ ಬಂದ ಕೂಡಲೇ ಒಮ್ಮೆಗೇ ಸುರಿಯುವ ಮೊದಲ ಬೊಗಸೆ. ಸಾಮಾನ್ಯವಾಗಿ 65,535 ಬೈಟ್ ಇರುತ್ತದೆ. 128ರಲ್ಲಿ ಅದು 4 ಸೆಕೆಂಡಿನ ಧ್ವನಿ, 320ರಲ್ಲಿ 1.6 ಸೆಕೆಂಡು, 32ರಲ್ಲಿ 16 ಸೆಕೆಂಡು. ಬಿಟ್‌ರೇಟ್ ಏರಿಸಿ ಇದನ್ನು ಹಾಗೇ ಬಿಟ್ಟರೆ "ಒತ್ತಿದ ಮೇಲೆ ಶುರುವಾಗಲು ಹೊತ್ತು ಹಿಡಿಯುತ್ತದೆ" ಎಂಬ ದೂರು ಬರುತ್ತದೆ. ಇಳಿಸಿ ಹಾಗೇ ಬಿಟ್ಟರೆ ಕೇಳುಗ 16 ಸೆಕೆಂಡು ಹಿಂದೆ ಉಳಿಯುತ್ತಾನೆ. ಫೋನ್-ಇನ್ ಕಾರ್ಯಕ್ರಮದಲ್ಲಿ ಅವನ ರೇಡಿಯೊ ಹಿನ್ನೆಲೆಯಲ್ಲಿ ಹಳೆಯ ಪ್ರಶ್ನೆಯನ್ನೇ ಒದರುತ್ತಿರುತ್ತದೆ. ಮೌಂಟ್‌ಗೆ ಒಂದೊಂದು ಬರ್ಸ್ಟ್ ಕೊಡಬಹುದು. 4ರಿಂದ 6 ಸೆಕೆಂಡು ಬರುವಂತೆ ಲೆಕ್ಕ ಹಾಕಿ: 32ಕ್ಕೆ ಸುಮಾರು 24,000 ಬೈಟ್, 64ಕ್ಕೆ 48,000, 320ಕ್ಕೆ 2 ಲಕ್ಷ.

ಕ್ಯೂ ಸೈಜ್ ಇನ್ನೊಂದು. ಕೇಳುಗನ ನೆಟ್ ನಿಧಾನವಾದಾಗ ಅವನಿಗಾಗಿ ಸರ್ವರ್ ಎಷ್ಟು ಕಾಯುತ್ತದೆ ಎಂಬುದರ ಮಿತಿ. 5,24,288 ಬೈಟ್ ಇದ್ದರೆ 128ರಲ್ಲಿ ಸುಮಾರು 33 ಸೆಕೆಂಡು, 320ರಲ್ಲಿ 13. ಬೆಂಗಳೂರು-ಮಂಗಳೂರು ರೈಲು ಸಕಲೇಶಪುರ ದಾಟಿ ಸುರಂಗಗಳ ಸಾಲಿಗೆ ಹೊಕ್ಕಾಗ 13 ಸೆಕೆಂಡು ಯಾವ ಲೆಕ್ಕಕ್ಕೂ ಅಲ್ಲ. 320 ಇಡುವುದಾದರೆ ಕ್ಯೂ ಸೈಜ್ ಎರಡೂವರೆ ಪಟ್ಟು ಹೆಚ್ಚಿಸಿ. ಎರರ್ ಲಾಗ್‌ನಲ್ಲಿ ಕೇಳುಗ ತೀರಾ ಹಿಂದೆ ಬಿದ್ದನೆಂದು ತೆಗೆದುಹಾಕಿದ ಸಾಲುಗಳು ಏರುತ್ತಿದ್ದರೆ ಕಾರಣ ಇದೇ.

ಫಾಲ್‌ಬ್ಯಾಕ್ ಮೌಂಟ್, ಅಂದರೆ ಮುಖ್ಯ ಸ್ಟ್ರೀಮ್ ಕಡಿದಾಗ ಕೇಳುಗರನ್ನು ಕೂರಿಸುವ ಜಗಲಿ. ಅದರ ಕೋಡೆಕ್, ಸ್ಯಾಂಪಲ್ ರೇಟ್, ಚಾನೆಲ್ ಸಂಖ್ಯೆ ಮೂರೂ ಮುಖ್ಯ ಸ್ಟ್ರೀಮಿನದೇ ಇರಬೇಕು. ಮುಖ್ಯ ಸ್ಟ್ರೀಮನ್ನು ಎಎಸಿ ಮಾಡಿ ಜಗಲಿಯ ಎಂಪಿ3 ಫೈಲನ್ನು ಹಾಗೇ ಬಿಟ್ಟರೆ ಮೊದಲ ಕರೆಂಟು ಹೋದಾಗಲೇ ಎಲ್ಲರ ಪ್ಲೇಯರ್ ಗಂಟಲು ಕಟ್ಟಿಕೊಳ್ಳುತ್ತದೆ. ಸ್ಯಾಂಪಲ್ ರೇಟ್ ಮಾತ್ರ ಬೇರೆಯಾದರೆ ಆಟ ಇನ್ನೂ ವಿಚಿತ್ರ. 44.1 ಕಿಲೋಹರ್ಟ್ಸ್‌ನಲ್ಲಿ ಶುರುಮಾಡಿದ ಕೆಲವು ಪ್ಲೇಯರುಗಳು ನಡುವೆ 48 ಬಂದರೂ 44.1 ಎಂದೇ ನುಡಿಸುತ್ತವೆ. ಆಗ ಐದು ಮನೆ ಶ್ರುತಿಯ ಹಾಡು ನಾಲ್ಕಕ್ಕೂ ನಾಲ್ಕೂವರೆಗೂ ನಡುವೆ ಇಳಿದು, ಗಾಯಕರಿಗೆ ನಿದ್ದೆ ಬಂದ ಹಾಗೆ ಕೇಳುತ್ತದೆ. ಮುಖ್ಯ ಸ್ಟ್ರೀಮ್ ವಾಪಸ್ ಬಂದಾಗ ಕೇಳುಗರೂ ವಾಪಸ್ ಬರಬೇಕಾದರೆ ಫಾಲ್‌ಬ್ಯಾಕ್ ಓವರ್‌ರೈಡ್ ಅನ್ನು 1 ಮಾಡಿರಬೇಕು.

ಕೈ ಹಾಕಿದಾಗಲೇ ಮೌಂಟ್‌ನ ಅಕ್ಷರಸಂಕೇತವನ್ನು ಯುಟಿಎಫ್-8 ಮಾಡಿಬಿಡಿ. ಇಲ್ಲದಿದ್ದರೆ ಎಂಪಿ3, ಎಎಸಿ ಸ್ಟ್ರೀಮ್‌ಗಳಲ್ಲಿ ಹಾಡಿನ ಹೆಸರು ಕನ್ನಡದ ಬದಲು ಹುಳ ಹರಿದಾಡಿದಂತೆ ಕಾಣುತ್ತದೆ. ಸೆಟ್ಟಿನೊಳಗೆ ಕನ್ನಡ ಫಾಂಟ್ ಇಲ್ಲದವರಿಗೆ ಆಗಲೂ ಚೌಕಗಳೇ. ಅದಕ್ಕೆ ಸ್ಟೇಷನ್ ಕಡೆಯಿಂದ ಮದ್ದಿಲ್ಲ.

ವಿಳಾಸ

ಹೋಸ್ಟಿಂಗ್ ಕಂಪನಿ ಕೊಟ್ಟ ಸರ್ವರ್ ಹೆಸರು ಮತ್ತು ಪೋರ್ಟನ್ನು ಕೇಳುಗರಿಗೆ ಯಾವತ್ತೂ ಹಂಚಬೇಡಿ. ಸ್ವಂತ ಡೊಮೇನಿನ ಒಂದು ಉಪಹೆಸರು ಮಾಡಿ ಅದನ್ನೇ ಕೊಡಿ. ನಾಳೆ ಸರ್ವರ್ ಬದಲಿಸಿದರೂ ಹೆಸರು ನಿಮ್ಮದೇ. 8000ನೇ ಪೋರ್ಟನ್ನು ಬಹಳಷ್ಟು ಕಚೇರಿಗಳ ಫೈರ್‌ವಾಲ್ ಬಿಡುವುದಿಲ್ಲ, ಆದ್ದರಿಂದ 80 (ಎಚ್‌ಟಿಟಿಪಿ) ಮತ್ತು 443 (ಭದ್ರವಾದ ಎಚ್‌ಟಿಟಿಪಿಎಸ್) ಎರಡರಲ್ಲೂ ಸಿಗುವಂತೆ ಮಾಡಿ.

ಎರಡೂ ಬೇಕು, ಕಾರಣ ಹೀಗೆ. ಎಚ್‌ಟಿಟಿಪಿಎಸ್ ವೆಬ್‌ಪುಟದೊಳಗೆ ಬರೀ ಎಚ್‌ಟಿಟಿಪಿ ಸ್ಟ್ರೀಮ್ ಇಟ್ಟರೆ ಕ್ರೋಮ್ 2020ರಿಂದ ಅದನ್ನು ತಾನೇ ಎಚ್‌ಟಿಟಿಪಿಎಸ್ ಮಾಡಲು ನೋಡುತ್ತದೆ, ಸಿಗದಿದ್ದರೆ ತಡೆಯುತ್ತದೆ. ಅಲೆಕ್ಸಾ ಸ್ಕಿಲ್‌ಗೂ ಎಚ್‌ಟಿಟಿಪಿಎಸ್ ಬೇಕು. ಆದರೆ ಹಳೆಯ ರೇಡಿಯೊ ಸೆಟ್ಟುಗಳಿಗೆ ಹೊಸ ಪ್ರಮಾಣಪತ್ರಗಳ ಪರಿಚಯ ಇಲ್ಲ. 2021ರ ಸೆಪ್ಟೆಂಬರ್ 30ರಂದು ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿದ್ದ ಹಳೆಯ ಮೂಲಪತ್ರದ ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಎಷ್ಟೋ ಯಂತ್ರಗಳು ಎಚ್‌ಟಿಟಿಪಿಎಸ್ ವಿಳಾಸಗಳನ್ನು ತೆರೆಯಲಾರದೆ ಹೋದವು. ಹೀಗಾಗಿ ಹಳೆಯ ಎಚ್‌ಟಿಟಿಪಿ ವಿಳಾಸವನ್ನು ಬಲವಂತವಾಗಿ ಎಚ್‌ಟಿಟಿಪಿಎಸ್‌ಗೆ ತಳ್ಳಬೇಡಿ. ವೆಬ್‌ಸೈಟಿಗೆ ಆ ನಿಯಮ ಸರಿ, ಸ್ಟ್ರೀಮಿಗೆ ಸಲ್ಲದು. ಕೆಲವು ಸೆಟ್ಟುಗಳು ರೀಡೈರೆಕ್ಟನ್ನೇ (ಬೇರೆ ವಿಳಾಸಕ್ಕೆ ಹೋಗು ಎಂಬ ಸೂಚನೆ) ಹಿಂಬಾಲಿಸುವುದಿಲ್ಲ, ಆದ್ದರಿಂದ ಹಳೆಯ ಮೌಂಟ್ ಹೆಸರನ್ನು ಐಸ್‌ಕಾಸ್ಟ್‌ನ ಅಲಿಯಾಸ್ (ಅಡ್ಡಹೆಸರು) ಮೂಲಕ ಹೊಸ ಮೌಂಟಿಗೆ ಕಟ್ಟುವುದು ರೀಡೈರೆಕ್ಟಿಗಿಂತ ಭದ್ರ. ಕೊನೆಯಲ್ಲಿ ಎಂಪಿ3 ಎಂದಿರುವ ವಿಳಾಸದಿಂದ ಮಾತ್ರ ಎಎಸಿ ಕಳಿಸಬೇಡಿ. ಹೆಸರು ನೋಡಿ ಡಿಕೋಡರ್ ಆರಿಸುವ ಸೆಟ್ಟುಗಳಿವೆ.

ಬದಲಾಯಿಸುವ ವಾರಗಳು

ಹೊಸ ಸ್ಟ್ರೀಮನ್ನು ಹಳೆಯದರ ಪಕ್ಕದಲ್ಲಿ ಶುರುಮಾಡಿ. ಎರಡೂ ಕನಿಷ್ಠ ಎಂಟು ವಾರ ಒಟ್ಟಿಗೆ ನಡೆಯಲಿ. ಮೊದಲ ವಾರವೇ ಟ್ಯೂನ್‌ಇನ್, ರೇಡಿಯೊ ಬ್ರೌಸರ್, ರೇಡಿಯೊ ಗಾರ್ಡನ್‌ನಂಥ ಪಟ್ಟಿಗಳಲ್ಲಿ ವಿಳಾಸ ತಿದ್ದಿಸಿ. ರೇಡಿಯೊ ಬ್ರೌಸರ್‌ನದು ಸಾರ್ವಜನಿಕರೇ ತುಂಬುವ ಪಟ್ಟಿ, ನಿಮ್ಮ ಸ್ಟೇಷನ್ ಯಾರೋ ಯಾವತ್ತೋ ಸೇರಿಸಿದ ಹಳೆಯ ನಮೂದಿನಲ್ಲಿ ಇರಬಹುದು. ಎಷ್ಟೋ ಆ್ಯಪ್‌ಗಳು ಅಲ್ಲಿಂದಲೇ ವಿಳಾಸ ಎತ್ತಿಕೊಳ್ಳುತ್ತವೆ.

ಮೂರನೆಯ ವಾರದಿಂದ ಹಳೆಯ ಸ್ಟ್ರೀಮಿನಲ್ಲಿ ಮಾತ್ರ, ದಿನಕ್ಕೆ ನಾಲ್ಕು ಸಲ, 20 ಸೆಕೆಂಡಿನ ಪ್ರಕಟಣೆ ಹಾಕಿ. ವೆಬ್‌ಸೈಟಿನಲ್ಲಿ ಬರೆದದ್ದನ್ನು ರೇಡಿಯೊ ಸೆಟ್ಟಿನವರು ನೋಡುವುದಿಲ್ಲ, ಅವರಿಗೆ ತಲುಪುವ ದಾರಿ ಅದೇ ಸ್ಟ್ರೀಮ್. "ತಾಂತ್ರಿಕ ಕಾರಣಗಳಿಂದ" ಎಂದು ಶುರುಮಾಡಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. "ನೀವು ಈ ಮಾತು ಕೇಳುತ್ತಿದ್ದರೆ ನಿಮ್ಮ ರೇಡಿಯೊದಲ್ಲಿರುವುದು ಹಳೆಯ ವಿಳಾಸ. ಇಂಥ ತಾರೀಖಿನ ನಂತರ ಇದು ಕೇಳುವುದಿಲ್ಲ. ಪಟ್ಟಿಯಲ್ಲಿ ನಮ್ಮ ಹೆಸರನ್ನು ಮತ್ತೆ ಹುಡುಕಿ ಉಳಿಸಿಕೊಳ್ಳಿ" ಎಂದು ನೇರವಾಗಿ ಹೇಳಿ, ಸಹಾಯಕ್ಕೆ ಒಂದು ಫೋನ್ ನಂಬರು ಕೊಡಿ. ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ಕೇಳುವ ಕನ್ನಡಿಗರಿದ್ದರೆ ಆ ನಾಲ್ಕು ಸಲಗಳನ್ನು ಇಪ್ಪತ್ತನಾಲ್ಕು ಗಂಟೆಗೂ ಹಂಚಿ. ನಮ್ಮ ನಡುರಾತ್ರಿ ಅಮೆರಿಕದವರಿಗೆ ಹಗಲು ಹೊತ್ತು.

ಎಂಟು ವಾರ ಕಳೆದ ಮೇಲೂ ಹಳೆಯ ಎಂಪಿ3ಯಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಗಂಟೆಗಳು ಉಳಿದಿದ್ದರೆ ಅದನ್ನು ಮುಚ್ಚಲೇಬೇಡಿ. ಹತ್ತು ಜನ ಅದರಲ್ಲಿ ಕೇಳುತ್ತಿದ್ದರೆ ಅದರ ಖರ್ಚು 1.28 ಎಂಬಿಪಿಎಸ್, ಅಷ್ಟೇ.

ಎಚ್‌ಎಲ್‌ಎಸ್ ಯಾವಾಗ? ಕೇಳುಗರಲ್ಲಿ ಬಹುಪಾಲು ಫೋನಿನವರು, ಅವರು ಮನೆಯ ವೈಫೈ ಬಿಟ್ಟು ಬಸ್ಸು ಹತ್ತುವವರು ಎಂದು ಲಾಗ್ ಹೇಳಿದರೆ. ವೈಫೈಯಿಂದ ಮೊಬೈಲ್ ಡೇಟಾಕ್ಕೆ ದಾಟುವಾಗ ಐಸ್‌ಕಾಸ್ಟ್ ಕನೆಕ್ಷನ್ ಕಡಿಯುತ್ತದೆ. ಎಚ್‌ಎಲ್‌ಎಸ್‌ನಲ್ಲಿ ಧ್ವನಿ ಆರಾರು ಸೆಕೆಂಡಿನ ತುಂಡುಗಳಾಗಿ ಬರುವುದರಿಂದ ದಾಟಿದ್ದೇ ತಿಳಿಯುವುದಿಲ್ಲ, ಸಿಗ್ನಲ್ ನೋಡಿ 128ರಿಂದ 48ಕ್ಕೆ ತಾನೇ ಇಳಿದು ಏರುತ್ತದೆ. ಬೆಲೆ ಎಂದರೆ ತಡ: ಮೂರು ತುಂಡು ಕಾಯ್ದು ಶುರುಮಾಡುವ ಪ್ಲೇಯರಿನಲ್ಲಿ 18 ಸೆಕೆಂಡಿಗೆ ಕಡಿಮೆಯಿಲ್ಲ. ಫೋನ್-ಇನ್, ಕ್ರಿಕೆಟ್ ಇರುವ ಸ್ಟೇಷನ್ ಇದನ್ನು ಯೋಚಿಸಲಿ. ಐಸ್‌ಕಾಸ್ಟನ್ನು ತೆಗೆಯದೆ ಪಕ್ಕದಲ್ಲಿ ಸೇರಿಸಿ.

ಕೇಳುಗರಿಗೆ: ರೇಡಿಯೊ ಇದ್ದಕ್ಕಿದ್ದಂತೆ ಬೇರೆಯಾಗಿ ಕೇಳಿದರೆ

ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇವತ್ತು ಕಂಬಳಿ ಹೊದಿಸಿದ ಹಾಗೆ ಮಂಕಾಗಿದ್ದರೆ, ಸ್ಟೇಷನ್ ಎಚ್‌ಇ-ಎಎಸಿಗೆ ಹೋಗಿದೆ, ನಿಮ್ಮ ಸೆಟ್ಟಿಗೆ ಎಸ್‌ಬಿಆರ್ ಬರುವುದಿಲ್ಲ. ಅದು ಕೆಳಗಿನ ಅರ್ಧವನ್ನು ಮಾತ್ರ ನುಡಿಸುತ್ತಿದೆ. ಮಂಕಿನ ಜೊತೆ ಎಡ-ಬಲವೂ ಒಂದೇ ಆಗಿದ್ದರೆ ಅದು ವಿ2. ಬಾಸ್, ಟ್ರೆಬಲ್ ತಿರುಗಿಸಿ ಪ್ರಯೋಜನವಿಲ್ಲ. ಪಟ್ಟಿಯಲ್ಲಿ ಅದೇ ಸ್ಟೇಷನ್ನಿನ ಎಂಪಿ3 ನಮೂದು ಇದೆಯೇ ಹುಡುಕಿ, ಸೆಟ್ಟಿನ ಮೆನುವಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಮಾಡಿ.

ಒಂದೇ ಸ್ಟೇಷನ್ ನಿಂತಿದ್ದರೆ ವಿಳಾಸವೋ ಕೋಡೆಕ್ಕೋ ಬದಲಾಗಿದೆ. ಎಲ್ಲ ಸ್ಟೇಷನ್ನುಗಳೂ ಒಟ್ಟಿಗೆ ನಿಂತಿದ್ದರೆ ಸೆಟ್ಟಿಗೆ ಪಟ್ಟಿ ಒದಗಿಸುತ್ತಿದ್ದ ಸೇವೆಯೇ ಮುಚ್ಚಿರಬಹುದು. 2021ರಲ್ಲಿ ರೆಸಿವಾ ಎಂಬ ಸೇವೆ ನಿಂತಾಗ ಅದನ್ನೇ ನೆಚ್ಚಿದ್ದ ರೇಡಿಯೊಗಳಿಗೆ ಹೀಗಾಯಿತು. ಅಂಥ ಸೆಟ್ಟಿಗೆ ಆಕ್ಸ್ ಇನ್ ತೂತು ಇದ್ದರೆ ಹಳೆಯ ಫೋನೊಂದನ್ನು ಅದಕ್ಕೆ ಸಿಕ್ಕಿಸಿ ಕೇಳಬಹುದು, ಸ್ಪೀಕರು ವ್ಯರ್ಥವಾಗುವುದಿಲ್ಲ.

ಹತ್ತು ನಿಮಿಷಕ್ಕೊಮ್ಮೆ ತಡವರಿಸಿದರೆ ಆ್ಯಪಿನ ಸೆಟ್ಟಿಂಗ್‌ನಲ್ಲಿ ಕಡಿಮೆ ಬಿಟ್‌ರೇಟ್ ಆರಿಸಿ, ಬಫರ್ 10 ಸೆಕೆಂಡಿಗೆ ಏರಿಸಿ. ಹಾಗೂ ತಡವರಿಸಿದರೆ ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ ಆ್ಯಪನ್ನು ಹೊರಗಿಡಿ. ಪರದೆ ಆರಿದ ಕೆಲವು ನಿಮಿಷಕ್ಕೇ ನಿಲ್ಲುವುದಾದರೆ ತಪ್ಪು ನೆಟ್‌ವರ್ಕಿನದಲ್ಲ, ಆ ಬ್ಯಾಟರಿ ಉಳಿತಾಯದ್ದೇ.

ಸ್ಟೇಷನ್ನಿಗೆ ದೂರು ಕೊಡುವಾಗ "ಬರ್ತಾ ಇಲ್ಲ" ಎಂದಷ್ಟೇ ಬರೆದರೆ ಅವರಿಗೂ ಕತ್ತಲೆ. ಸೆಟ್ಟಿನ ಮಾಡೆಲ್ ನಂಬರು ಅಥವಾ ಆ್ಯಪಿನ ಹೆಸರು, ಯಾವ ನೆಟ್‌ವರ್ಕು, ಯಾವ ದಿನ ಎಷ್ಟು ಗಂಟೆಗೆ ನಿಂತಿತು, ಪೂರ್ತಿ ಮೌನವೋ ಮಂಕೋ ತಡವರಿಕೆಯೋ, ಇಷ್ಟನ್ನು ಬರೆಯಿರಿ. ಆ ಗಂಟೆ-ನಿಮಿಷ ಇದ್ದರೆ ಲಾಗ್‌ನಲ್ಲಿ ನಿಮ್ಮ ಸಾಲನ್ನು ಅವರು ಹುಡುಕಿಕೊಳ್ಳಬಲ್ಲರು.